ಕಾಲೇಜಿನ ಕೋಣೆಯಿಂದ ಊರಿನ ಕಿವಿಗೆ

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದರು. ಅದಕ್ಕಿದ್ದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ರೇಡಿಯೊದ ಹೆಸರಾಯಿತು. ಅದೇ ಕಾಲೇಜಿನಲ್ಲಿ 1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮದ ಪಾಠ ಆರಂಭಿಸಿದರು. ಕನ್ನಡನಾಡಿನಲ್ಲಿ ಪ್ರಸಾರಕ್ಕೂ ಕಾಲೇಜಿಗೂ ಇಷ್ಟು ಹಳೆಯ ನಂಟಿದೆ.

ಈಗ ಸಣ್ಣ ಊರಿನ ಪದವಿ ಕಾಲೇಜಿನಲ್ಲೂ ಪತ್ರಿಕೋದ್ಯಮ ಒಂದು ಐಚ್ಛಿಕ ವಿಷಯ. ಪಠ್ಯಕ್ರಮಗಳಲ್ಲಿ ಹೆಚ್ಚು ವ್ಯತ್ಯಾಸವಿಲ್ಲ: ಪತ್ರಿಕಾ ಇತಿಹಾಸ, ವರದಿಗಾರಿಕೆ, ಸಂಪಾದನೆ, ಮಾಧ್ಯಮ ಕಾನೂನು, ಒಂದಿಷ್ಟು ಕ್ಯಾಮೆರಾ. ನಿಜವಾದ ವ್ಯತ್ಯಾಸ ಕಾಣುವುದು ವಿದ್ಯಾರ್ಥಿ ಬರೆದದ್ದು ಮೇಷ್ಟರ ಮೇಜಿನಿಂದ ಆಚೆಗೆ ಹೋಗುತ್ತದೆಯೇ ಎಂಬಲ್ಲಿ. ಆ ದೃಷ್ಟಿಯಿಂದ ಕಾಲೇಜಿನೊಳಗಿನ ಸಮುದಾಯ ಬಾನುಲಿಗಿಂತ ಒಳ್ಳೆಯ ತರಗತಿ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ.

ಈ ಅವಕಾಶ ಸುಲಭಕ್ಕೆ ಬಂದದ್ದಲ್ಲ. ಬಾನಲೆಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಶಿಕ್ಷಣ ಸಂಸ್ಥೆಗಳು ಕೇಂದ್ರ ತೆರೆಯಬಹುದೆಂದು ಸರ್ಕಾರ ಒಪ್ಪಿದ್ದು 2002ರ ಕೊನೆಗೆ. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯ 2004ರಲ್ಲಿ ದಾರಿ ತೋರಿಸಿತು. ನಮ್ಮಲ್ಲಿ ತುಮಕೂರಿನ ರೇಡಿಯೊ ಸಿದ್ಧಾರ್ಥ, ಮಣಿಪಾಲದ ರೇಡಿಯೊ ಮಣಿಪಾಲ್, ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಯ ರೇಡಿಯೊ ಸಾರಂಗ್ ಹೀಗೆ ಒಂದೊಂದಾಗಿ ದನಿ ತೆಗೆದವು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಬಂದ ಊರಿನಲ್ಲಿ ಇವತ್ತು ಕಾಲೇಜೊಂದು ಕನ್ನಡದ ಜೊತೆ ತುಳು, ಕೊಂಕಣಿ, ಬ್ಯಾರಿಯಲ್ಲೂ ಮಾತಾಡುತ್ತಿದೆ ಎನ್ನುವುದು ನನಗೆ ತುಂಬ ಖುಷಿಕೊಡುವ ಸಂಗತಿ.

ಇಂಥ ಕೇಂದ್ರದ ಪ್ರಸಾರ ಸಾಮರ್ಥ್ಯ ಸಾಮಾನ್ಯವಾಗಿ 100 ವ್ಯಾಟ್. ಹತ್ತು-ಹದಿನೈದು ಕಿಲೋಮೀಟರ್ ದಾಟಿದರೆ ದನಿ ಕರಗಿಹೋಗುತ್ತದೆ. ಕಲಿಯುವವರಿಗೆ ಈ ಮಿತಿಯೇ ವರ. ಕೇಳುವವರು ಬಸ್ಸಿನಲ್ಲಿ ಪಕ್ಕದಲ್ಲೇ ಕೂರುವ ಜನ. ಹೆಸರು ತಪ್ಪಾಗಿ ಹೇಳಿದರೆ ಮಾರನೇ ದಿನ ಅಂಗಡಿ ಮುಂದೆಯೇ ನಿಲ್ಲಿಸಿ ಕೇಳುತ್ತಾರೆ. ದೊಡ್ಡ ವಾಹಿನಿಗೆ ತರಬೇತಿಗೆ ಹೋದ ಹುಡುಗನಿಗೆ ಈ ಹೊಣೆ ಅಷ್ಟು ಬೇಗ ತಾಗುವುದಿಲ್ಲ.

ಕೆಲಸ ಶುರುವಾಗುವುದು ಭಾಷೆಯಿಂದ. ಪತ್ರಿಕೆಯ ಕನ್ನಡದಲ್ಲಿ ಹೇಳಿಕೆಯೆಲ್ಲ ಮುಗಿದ ಮೇಲೆ 'ಎಂದು ಸಚಿವರು ತಿಳಿಸಿದರು' ಎಂದು ಬರುತ್ತದೆ. ಓದುವವರ ಕಣ್ಣು ಬೇಕೆಂದಾಗ ಹಿಂದಕ್ಕೆ ಹೋಗಿಬರುತ್ತದೆ. ಕಿವಿಗೆ ಆ ಅನುಕೂಲವಿಲ್ಲ. ಹೇಳಿದವರು ಯಾರು ಎಂಬುದು ಮೊದಲು ಬರಬೇಕು, ವಾಕ್ಯ ಒಂದೇ ಉಸಿರಿಗೆ ಮುಗಿಯಬೇಕು. 13,47,562 ಎಂಬ ಸಂಖ್ಯೆ ಬಾನುಲಿಯಲ್ಲಿ 'ಸುಮಾರು ಹದಿಮೂರೂವರೆ ಲಕ್ಷ' ಆಗಬೇಕು. ಪಕಾರ, ಭಕಾರಗಳ ಗಾಳಿ ಬಡಿದು ಮೈಕು 'ಡಬ್' ಎನ್ನದಂತೆ ಬಾಯಿಯನ್ನು ತುಸು ಓರೆಯಾಗಿಸಬೇಕು. ಫ್ಯಾನು ಆರಿಸಬೇಕು. ಕರಾವಳಿಯ ಸೆಕೆಯಲ್ಲಿ ಫ್ಯಾನಿಲ್ಲದೆ ಕೂತು, ದನಿಯಲ್ಲಿ ಆಯಾಸ ತೋರದಂತೆ ಓದುವುದನ್ನು ಯಾವ ಪುಸ್ತಕವೂ ಕಲಿಸಲಾರದು.

ಧ್ವನಿ ಸಂಕಲನದ್ದು ಇನ್ನೂ ಸೂಕ್ಷ್ಮ ಕೆಲಸ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನು ಮಾರುವ ಒಬ್ಬರನ್ನು 'ಈ ಎರಡು ತಿಂಗಳು ಮನೆ ಹೇಗೆ ನಡೆಯುತ್ತದಮ್ಮ?' ಎಂದು ವಿದ್ಯಾರ್ಥಿನಿ ಕೇಳಿದಳು ಅನ್ನಿ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು 'ನಡೀತದೆ' ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಆ ಮೌನ ಒಂದು ಚಪ್ಪಟೆ ಗೆರೆಯಾಗಿ ಕಾಣುತ್ತದೆ. ಸಮಯ ಉಳಿಸಲು ಅದನ್ನು ಕತ್ತರಿಸಿದರೆ ಉತ್ತರ ಚುರುಕಾಗುತ್ತದೆ, ಅರ್ಥ ಮಾತ್ರ ಬೇರೆಯಾಗುತ್ತದೆ: ತೊಂದರೆಯೇನೂ ಇಲ್ಲ ಎಂದ ಹಾಗೆ ಕೇಳಿಸುತ್ತದೆ. ಒಂದು ಪದವನ್ನೂ ಬದಲಿಸದೆ ಮಾತನ್ನು ತಿರುಚಿದಂತಾಯಿತು. ಪತ್ರಿಕಾಧರ್ಮದ ಮೇಲೆ ಎಷ್ಟು ಉಪನ್ಯಾಸ ಕೇಳಿದರೂ ಮನಸ್ಸಿಗೆ ನಾಟದ್ದು ಆ ಗೆರೆಯ ಮುಂದೆ ನಾಟುತ್ತದೆ.

ಒಂದು ಕೊರತೆಯನ್ನು ಹೇಳಲೇಬೇಕು. ಸಮುದಾಯ ಬಾನುಲಿಗೆ ಸ್ವಂತ ಸುದ್ದಿ ಬಿತ್ತರಿಸುವ ಹಕ್ಕಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಇಲ್ಲವೇ ಸ್ಥಳೀಯ ಭಾಷೆಗೆ ಅನುವಾದಿಸಿ ಮರುಪ್ರಸಾರ ಮಾಡಬಹುದಷ್ಟೆ. ಸುದ್ದಿ ಬರೆಯಲು ಕಲಿಸುವ ಕಾಲೇಜಿನಲ್ಲೇ ತಾವು ಬರೆದ ಸುದ್ದಿ ಓದುವಂತಿಲ್ಲ! ಈ ನಿಯಮ ಬದಲಾಗಬೇಕು. ಅಲ್ಲಿಯವರೆಗೆ ಮಕ್ಕಳು ಆರೋಗ್ಯ, ಕೃಷಿ, ಕಸುಬು, ಹಾಡು-ಕಥೆಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಸಚಿವರ ಹೇಳಿಕೆ ಕೈಗೆ ಸಿಗದಿರುವುದರಿಂದ ಬೀಡಿ ಕಟ್ಟುವವರ, ಆಟೊ ಓಡಿಸುವವರ ಮನೆ ಬಾಗಿಲಿಗೆ ಹೋಗುವ ಅಭ್ಯಾಸವೂ ಆಗುತ್ತದೆ.

ಪಿಯುಸಿ ಮುಗಿಸಿ ಈ ಕೋರ್ಸಿನತ್ತ ನೋಡುತ್ತಿರುವವರು ಕಾಲೇಜಿನ ಸ್ಟುಡಿಯೊ ನೋಡಿ ಮರುಳಾಗಬೇಡಿ. ಅದರ ಬೀಗದ ಕೈ ಯಾರ ಹತ್ತಿರ ಇರುತ್ತದೆ, ಮೊದಲ ವರ್ಷದವರನ್ನು ಮೈಕಿನ ಮುಂದೆ ಕೂರಿಸುತ್ತಾರೆಯೇ, ವಿದ್ಯಾರ್ಥಿಗಳು ತಯಾರಿಸಿದ ಕಾರ್ಯಕ್ರಮ ಕಳೆದ ವಾರ ಯಾವ ಹೊತ್ತಿಗೆ ಪ್ರಸಾರವಾಯಿತು ಎಂದು ವಿಚಾರಿಸಿ. ಉತ್ತರವನ್ನು ಪ್ರಾಂಶುಪಾಲರಿಂದಲ್ಲ, ಎರಡನೇ ವರ್ಷದ ಹುಡುಗ-ಹುಡುಗಿಯರಿಂದ ಕೇಳಿ ತಿಳಿದುಕೊಳ್ಳಿ.