ಗಿಡಕ್ಕೊಂದು ತುತ್ತು ಹೆಚ್ಚಿಗೆ

ದೊಮ್ಮಲೂರಿನ ನಮ್ಮ ಮನೆಯ ತಾರಸಿಯ ಮೇಲೆ ಆರು ಕುಂಡಗಳಲ್ಲಿ ಟೊಮೆಟೊ ಇತ್ತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ರೂಪಿಸಿದ ‘ಅರ್ಕಾ ರಕ್ಷಕ್’ ತಳಿ. ಆರನೇ ತರಗತಿಯ ಮೊಮ್ಮಗಳು ಒಂದು ದಿನ ಕೇಳಿದಳು: “ತಾತಾ, ಗಿಡದ ಊಟ ಕಾರ್ಬನ್ ಡೈಆಕ್ಸೈಡ್ ತಾನೆ? ಒಂದು ತುತ್ತು ಹೆಚ್ಚಿಗೆ ಬಡಿಸಿದರೆ ಹಣ್ಣು ಜಾಸ್ತಿ ಬಿಡುವುದಿಲ್ಲವಾ?”

ಒಳ್ಳೆಯ ಪ್ರಶ್ನೆಯೇ. ಎಲೆಗಳು ಈ ಅನಿಲವನ್ನು ಸಣ್ಣ ರಂಧ್ರಗಳಿಂದ ಒಳಗೆಳೆದುಕೊಂಡು, ಬಿಸಿಲಿನ ಬಲದಿಂದ ನೀರಿನೊಡನೆ ಬೆರೆಸಿ ಸಕ್ಕರೆ ಮಾಡುತ್ತವೆ. ಆದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅದು ಇರುವುದು ಸುಮಾರು 420 ಪಾಲು ಮಾತ್ರ.

ಹೆಚ್ಚಿಗೆ ಬಡಿಸುವವರೂ ಇದ್ದಾರೆ ಎಂದೆ. ಚಳಿಯ ದೇಶವಾದ ನೆದರ್ಲೆಂಡ್ಸ್‌ನಲ್ಲಿ ಟೊಮೆಟೊವನ್ನು ಗಾಜಿನ ಮನೆಯೊಳಗೆ ಬೆಳೆಯುತ್ತಾರೆ. ಮುಚ್ಚಿದ ಮನೆಯ ಅನಿಲವನ್ನು ಗಿಡಗಳೇ ತಿಂದು ಮುಗಿಸುತ್ತವೆ. ಅದಕ್ಕೇ ಹೊರಗಿನಿಂದ ಕೊಟ್ಟು 800ರಿಂದ 1,000 ಪಾಲಿಗೆ ಏರಿಸುತ್ತಾರೆ. ಇಳುವರಿ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚುವುದುಂಟು. ರಾಟರ್‌ಡ್ಯಾಮ್ ಬಳಿಯ ತೈಲ ಶುದ್ಧೀಕರಣ ಕಾರ್ಖಾನೆಯ ಅನಿಲ 2005ರಿಂದ ಕೊಳವೆಯಲ್ಲಿ ಗಾಜಿನ ಮನೆಗಳಿಗೆ ಹರಿಯುತ್ತಿದೆ.

ಹೇಳಿದ್ದೇ ತಡ, ಕುಂಡಗಳಿಗೆ ಪ್ಲಾಸ್ಟಿಕ್ ಗುಡಾರ ಎದ್ದಿತು! ಒಳಗೆ ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ಅನಿಲ ಎಬ್ಬಿಸಿದೆವು. “ಇದ್ದಿಲು ಉರಿಸೋಣವಾ?” ಎಂದಳು. ಖಂಡಿತ ಬೇಡವೆಂದೆ. ಮಕ್ಕಳೇ, ಮುಚ್ಚಿದ ಜಾಗದಲ್ಲಿ ಇದ್ದಿಲು ಉರಿಸಿದರೆ ಪ್ರಾಣ ತೆಗೆಯುವ ವಿಷಾನಿಲ ಬರುತ್ತದೆ.

ಅದು ಮಾರ್ಚ್ ತಿಂಗಳು. ಮೂರನೇ ದಿನಕ್ಕೆ ಎಲೆಗಳು ಜೋತುಬಿದ್ದವು, ಹೂವೆಲ್ಲ ಉದುರಿತು. “ನಾನೇ ಸಾಯಿಸಿಬಿಟ್ಟೆನಾ ತಾತಾ?” ಎಂದು ಅತ್ತಳು. ತಪ್ಪು ನನ್ನದು. ಅರ್ಧ ಪಾಠ ಹೇಳಿ ಸುಮ್ಮನಾಗಿದ್ದೆ.

ಉಳಿದರ್ಧ ಇದು: ಶಾಖ 35 ಡಿಗ್ರಿ ದಾಟಿದರೆ ಟೊಮೆಟೊದ ಪರಾಗ ಕೆಡುತ್ತದೆ, ಹೂ ಕಾಯಾಗದೆ ಉದುರುತ್ತದೆ. ಗುಡಾರದೊಳಗೆ ಹೂವನ್ನು ಅಲುಗಿಸಲು ಗಾಳಿಯೂ ಇಲ್ಲ, ದುಂಬಿಯೂ ಇಲ್ಲ. ನಮ್ಮ ಕಡೆಯ ಪಾಲಿಹೌಸ್‌ಗಳಲ್ಲಿ ಸೆಕೆ ಹೊರಹೋಗಲೆಂದೇ ಕಿಂಡಿ ಬಿಟ್ಟಿರುತ್ತಾರೆ. ಅಲ್ಲಿ ಅನಿಲ ಕೊಟ್ಟರೂ ಅದು ಹಾರಿಹೋಗುತ್ತದೆ. ತೆರೆದ ಜಾಗದಲ್ಲಿ ಬೀಸುವ ಗಾಳಿಯೇ ಹೊಸ ತುತ್ತು ತರುತ್ತಿರುತ್ತದೆ. ಬಿಸಿಲು, ನೀರು, ಗೊಬ್ಬರ ನೋಡಿಕೊಂಡರೆ ಸಾಕು.

ಪ್ಲಾಸ್ಟಿಕ್ ಕಿತ್ತೆವು. ಎರಡು ಗಿಡ ಹೋದವು, ನಾಲ್ಕು ಚಿಗುರಿದವು. ದಿನಾ ಬೆಳಿಗ್ಗೆ ಅವಳು ಹೂಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದಳು. ಮೊದಲ ಹಣ್ಣನ್ನು ಮನೆಮಂದಿಗೆಲ್ಲ ಹೋಳು ಮಾಡಿ ಹಂಚಿದಳು. ನನ್ನ ಹೋಳು ಮಾತ್ರ ಸ್ವಲ್ಪ ದೊಡ್ಡದಿತ್ತು.