ಖಾಸಗಿ ಆರೋಗ್ಯ ವಿಮೆ: ಸರ್ಕಾರಿ ಸೌಲಭ್ಯದ ಜೊತೆಗೆ ಇದೂ ಬೇಕೇ?



ಮಿತ ಕುಟುಂಬವನ್ನು ಹೊಂದಿ, ಮಕ್ಕಳನ್ನು ಚೆನ್ನಾಗಿ ಓದಿಸಿ, ನಾಲ್ಕು ಕಾಸು ಕೂಡಿಡಬೇಕೆಂಬುದು ನಿಮ್ಮ ಹಂಬಲವಾಗಿದೆ. ಆದರೆ ದೊಡ್ಡ ಕಾಯಿಲೆಯೊಂದು ಮನೆಯನ್ನು ಹೊಕ್ಕರೆ, ಹಲವು ವರ್ಷಗಳ ಉಳಿತಾಯವು ಕೆಲವೇ ದಿನಗಳಲ್ಲಿ ಕರಗಿಹೋಗುತ್ತದೆ. ಆಸ್ಪತ್ರೆಯ ಖರ್ಚಿಗಾಗಿ ಬಿತ್ತನೆಯ ಕಾಲದಲ್ಲಿ ಎತ್ತುಗಳನ್ನು ಮಾರಿದವರು, ಹೆಂಡತಿಯ ಒಡವೆಯನ್ನು ಅಡವಿಟ್ಟವರು, ಬಡ್ಡಿಯ ಸಾಲದಲ್ಲಿ ಸಿಲುಕಿದವರು ನಮ್ಮ ಹಳ್ಳಿಗಳಲ್ಲಿ ಅಪರೂಪವಲ್ಲ. ಆದುದರಿಂದಲೇ ಖಾಸಗಿ ವಿಮೆಯ ಏಜೆಂಟರು ಮನೆಗೆ ಬಂದಾಗ, "ಇದನ್ನು ಮಾಡಿಸೋಣವೇ, ಬೇಡವೇ?" ಎಂಬ ಪ್ರಶ್ನೆ ಏಳುತ್ತದೆ. ಉತ್ತರವು ಎಲ್ಲ ಕುಟುಂಬಗಳಿಗೂ ಒಂದೇ ಅಲ್ಲ. ಅದನ್ನು ನೀವೇ ಕಂಡುಕೊಳ್ಳಲು ಈ ಲೇಖನವು ನೆರವಾಗುತ್ತದೆ.

ವಿಮೆ ಎಂದರೇನು?

ಅನೇಕರು ಪ್ರತಿ ವರ್ಷವೂ ಸ್ವಲ್ಪ ಸ್ವಲ್ಪ ಹಣವನ್ನು ಒಂದೆಡೆ ಸೇರಿಸುತ್ತಾರೆ. ಅವರಲ್ಲಿ ಕಾಯಿಲೆ ಬಿದ್ದ ಕೆಲವರ ಆಸ್ಪತ್ರೆ ವೆಚ್ಚವನ್ನು ಆ ನಿಧಿಯಿಂದ ಭರಿಸಲಾಗುತ್ತದೆ. ನೀವು ಕಟ್ಟುವ ಹಣವೇ ವಿಮಾ ಕಂತು. ಇದು ಉಳಿತಾಯವಲ್ಲ. ವರ್ಷವಿಡೀ ಆರೋಗ್ಯವಾಗಿದ್ದರೆ ಕಂತಿನ ಹಣ ಹಿಂದಿರುಗುವುದಿಲ್ಲ. ಮರುವರ್ಷ ಕಂತು ಕಟ್ಟದಿದ್ದರೆ ರಕ್ಷಣೆಯೂ ನಿಲ್ಲುತ್ತದೆ.

ಇನ್ನೊಂದು ಮಾತನ್ನು ಮರೆಯಬಾರದು. ವಿಮೆಯು ಹಣವನ್ನು ಕೊಡುತ್ತದೆಯೇ ಹೊರತು ಚಿಕಿತ್ಸೆಯನ್ನಲ್ಲ. ಹಾವು ಕಚ್ಚಿದಾಗಲಾಗಲಿ, ಹೆರಿಗೆಯಲ್ಲಿ ರಕ್ತಸ್ರಾವವಾದಾಗಲಾಗಲಿ ವಿಮಾ ಪತ್ರವನ್ನು ಹುಡುಕುತ್ತ ಕುಳಿತುಕೊಳ್ಳಬಾರದು. ಕೂಡಲೇ 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ನಮ್ಮ ರಾಜ್ಯದಲ್ಲಿ 2008ರಿಂದ ಈ ಆಂಬುಲೆನ್ಸ್ ಸೇವೆಯು ಉಚಿತವಾಗಿ ದೊರೆಯುತ್ತಿದೆ.

ಈಗಾಗಲೇ ನಿಮ್ಮದಾಗಿರುವ ರಕ್ಷಣೆ

ಹೊಸದನ್ನು ಕೊಳ್ಳುವ ಮೊದಲು ಕೈಯಲ್ಲಿರುವುದನ್ನು ಅರಿಯಬೇಕು.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗರ್ಭಿಣಿಯರ ತಪಾಸಣೆ, ಮಕ್ಕಳ ಲಸಿಕೆ, ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಪರೀಕ್ಷೆ ಹಾಗೂ ಮಾತ್ರೆಗಳು ದೊರೆಯುತ್ತವೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯು, ಶಸ್ತ್ರಚಿಕಿತ್ಸೆಯ ಹೆರಿಗೆಯೂ ಸೇರಿದಂತೆ, ಉಚಿತ. ಔಷಧಿ, ಊಟ, ಅಗತ್ಯವಿದ್ದಲ್ಲಿ ರಕ್ತ, ಮನೆಗೆ ಮರಳುವ ವಾಹನ ಇವೆಲ್ಲವೂ ಅದರಲ್ಲಿ ಸೇರಿವೆ. ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗೂ ಹಣ ಕೊಡಬೇಕಾಗಿಲ್ಲ.

ದೊಡ್ಡ ಕಾಯಿಲೆಗಳಿಗೆ 2018ರಿಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಿದೆ. ಬಿ.ಪಿ.ಎಲ್. ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ಲಭ್ಯ. ಕಂತು ಕಟ್ಟಬೇಕಾಗಿಲ್ಲ. ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ವೆಚ್ಚದ ಶೇಕಡ 30 ಭಾಗವನ್ನು ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ, ಸರ್ಕಾರವು ಭರಿಸುತ್ತದೆ. ಅಂದರೆ ಒಂದು ಲಕ್ಷ ರೂಪಾಯಿಯ ಚಿಕಿತ್ಸೆಯಲ್ಲಿ 30,000 ರೂಪಾಯಿ ಸರ್ಕಾರದ್ದು, 70,000 ರೂಪಾಯಿ ಮನೆಯವರದ್ದು. ಈ ಯೋಜನೆಯಲ್ಲಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಶಿಫಾರಸು ಪತ್ರದೊಡನೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಕಳುಹಿಸುತ್ತಾರೆ. ತುರ್ತು ಸಂದರ್ಭದಲ್ಲಿ ಮಾತ್ರ ನೇರವಾಗಿ ಹೋಗಬಹುದು.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆಯುಂಟು. 2003ರಲ್ಲಿ ಜಾರಿಗೆ ಬಂದ ಇದು 2018ರಲ್ಲಿ ನಿಂತು, 2023ರಲ್ಲಿ ಮತ್ತೆ ಆರಂಭವಾಯಿತು. ಮರು ಆರಂಭವಾದಾಗ ಗ್ರಾಮೀಣ ಸಂಘದ ಸದಸ್ಯರ ನಾಲ್ವರ ಕುಟುಂಬಕ್ಕೆ ವಾರ್ಷಿಕ ವಂತಿಗೆಯನ್ನು 500 ರೂಪಾಯಿ ಎಂದೂ, ಚಿಕಿತ್ಸೆಯ ಮಿತಿಯನ್ನು 5 ಲಕ್ಷ ರೂಪಾಯಿ ಎಂದೂ ಗೊತ್ತುಪಡಿಸಲಾಯಿತು. ನೋಂದಣಿಗೆ ಗಡುವು ಇರುತ್ತದೆ. ಬೇರೆ ವಿಮೆಯಿರುವವರು ಸೇರಬಹುದೇ ಎಂಬುದನ್ನು ಸಂಘದ ಕಾರ್ಯದರ್ಶಿಯವರಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು.

ಖಾಸಗಿ ವಿಮೆ ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ?

ಖಾಸಗಿ ವಿಮೆಯಿಂದ ಲಾಭವಿಲ್ಲವೆಂದಲ್ಲ. ಶಿಫಾರಸು ಪತ್ರವಿಲ್ಲದೆ ನಿಮಗೆ ಬೇಕಾದ ಆಸ್ಪತ್ರೆಯನ್ನು ಆರಿಸಿಕೊಳ್ಳಬಹುದು. ಸರ್ಕಾರಿ ಯೋಜನೆಯ ಪಟ್ಟಿಯಲ್ಲಿಲ್ಲದ ಚಿಕಿತ್ಸೆಗೂ ಹಣ ದೊರೆಯಬಹುದು. ಬೇರೆ ರಾಜ್ಯದಲ್ಲಿ ದುಡಿಯುವ ಮಗನಿಗೂ ಅಲ್ಲಿಯೇ ಅದು ಒದಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇಕಡ 18ರ ತೆರಿಗೆಯನ್ನೂ ತೆಗೆಯಲಾಗಿದೆ.

ಆದರೆ ಅದರ ಮಿತಿಗಳನ್ನು ಏಜೆಂಟರು ಒತ್ತಿ ಹೇಳುವುದು ಕಡಿಮೆ.

1. ಮೊದಲ 30 ದಿನಗಳಲ್ಲಿ ಅಪಘಾತವನ್ನುಳಿದು ಬೇರಾವ ಕಾಯಿಲೆಗೂ ಹಣ ಬರುವುದಿಲ್ಲ.

2. ಮೊದಲೇ ಇದ್ದ ಕಾಯಿಲೆಗಳಿಗೆ 36 ತಿಂಗಳವರೆಗೆ ಕಾಯಬೇಕಾಗಬಹುದು. ಅಂಡವಾಯು, ಕಣ್ಣಿನ ಪೊರೆ ಮುಂತಾದವುಗಳಿಗೂ ಹೀಗೆಯೇ ಕಾಯುವ ಅವಧಿ ಇರುತ್ತದೆ. ಬಿ.ಪಿ.ಎಲ್. ಕುಟುಂಬದ ಸರ್ಕಾರಿ ರಕ್ಷಣೆಯಲ್ಲಿ ಇಂತಹ ಕಾಯುವಿಕೆ ಇಲ್ಲ.

3. ಸಾಮಾನ್ಯ ಪಾಲಿಸಿಗಳಲ್ಲಿ ಹೆರಿಗೆ ಮತ್ತು ಸಂತಾನಶಕ್ತಿಹರಣ ಚಿಕಿತ್ಸೆಗಳು ಸೇರುವುದಿಲ್ಲ. ಹೆರಿಗೆಯನ್ನು ಸೇರಿಸುವ ಪಾಲಿಸಿಗೆ ಹೆಚ್ಚು ಕಂತು ಮತ್ತು ದೀರ್ಘ ಕಾಯುವಿಕೆ ಇರುತ್ತದೆ. ಹೊಸದಾಗಿ ಮದುವೆಯಾದವರು ಹೆರಿಗೆಗೆಂದೇ ವಿಮೆ ಮಾಡಿಸುವ ಮುನ್ನ ಇದನ್ನು ಯೋಚಿಸಬೇಕು.

4. ಹೊರರೋಗಿಯಾಗಿ ಪಡೆವ ಚಿಕಿತ್ಸೆಗೆ, ದಿನನಿತ್ಯದ ಮಾತ್ರೆಗಳಿಗೆ, ತಪ್ಪಿದ ಕೂಲಿಗೆ ಸಾಧಾರಣವಾಗಿ ಹಣವಿಲ್ಲ.

5. ಇಡೀ ವೆಚ್ಚವೂ ದೊರೆಯದಿರಬಹುದು. 2020ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಮಾದರಿಯಾಗಿ ಬಂದ ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ ವೆಚ್ಚದ ಶೇಕಡ 5 ಭಾಗವನ್ನು ನೀವೇ ಭರಿಸಬೇಕು. ಕೊಠಡಿ ಬಾಡಿಗೆಗೆ ದಿನಕ್ಕೆ ವಿಮಾ ಮೊತ್ತದ ಶೇಕಡ 2ರ ಮಿತಿಯಿದೆ. ಒಂದು ಲಕ್ಷದ ಪಾಲಿಸಿಯಾದರೆ ಅದು 2,000 ರೂಪಾಯಿ.

ಹಾಗಾದರೆ ಯಾರಿಗೆ ಬೇಕು?

ಬಿ.ಪಿ.ಎಲ್. ಚೀಟಿಯಿದ್ದು, ಆದಾಯ ಅಲ್ಪವಾಗಿದ್ದರೆ, ಸಾಲ ಮಾಡಿ ಖಾಸಗಿ ಕಂತು ಕಟ್ಟುವ ಅಗತ್ಯವಿಲ್ಲ. ಆ ಹಣವನ್ನು ತುರ್ತಿನ ಪ್ರಯಾಣಕ್ಕೆ, ಊಟ ವಸತಿಗೆಂದು ಅಂಚೆ ಕಚೇರಿಯಲ್ಲಿಯೋ ಬ್ಯಾಂಕಿನಲ್ಲಿಯೋ ಇಡುವುದು ಲೇಸು.

ಎ.ಪಿ.ಎಲ್. ಚೀಟಿಯಿದ್ದು, ಯಶಸ್ವಿನಿಗೂ ಸೇರಲಾಗದೆ, ಪ್ರತಿ ವರ್ಷ ಕಂತು ಕಟ್ಟುವ ಶಕ್ತಿಯಿದ್ದರೆ ಖಾಸಗಿ ವಿಮೆಯು ಪ್ರಯೋಜನಕಾರಿ. ಮೇಲೆ ಹೇಳಿದ 70,000 ರೂಪಾಯಿಯ ಹೊರೆ ಬೀಳುವುದು ಇಂತಹ ಮನೆಗಳ ಮೇಲೆಯೇ. ಇವರು ಆರೋಗ್ಯವಾಗಿರುವಾಗಲೇ, ಚಿಕ್ಕ ವಯಸ್ಸಿನಲ್ಲಿಯೇ ವಿಮೆ ಮಾಡಿಸತಕ್ಕದ್ದು. ವಯಸ್ಸಾದಂತೆ ಕಂತು ಏರುತ್ತದೆ. ಕಾಯಿಲೆ ಬಂದ ಮೇಲೆ ವಿಮೆಗೆ ಓಡುವುದು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಕೊಳ್ಳುವುದಾದರೆ ಈ ಎಚ್ಚರಿಕೆಗಳಿರಲಿ

* ಇರುವ ಕಾಯಿಲೆಯನ್ನು ಮರೆಮಾಚಬೇಡಿ. "ಬರೆಯದಿದ್ದರೂ ನಡೆಯುತ್ತದೆ" ಎಂದು ಯಾರೇ ಹೇಳಿದರೂ ಕೇಳಬೇಡಿ. ಮುಂದೆ ಆ ಕಾರಣದಿಂದಲೇ ಹಣ ನಿರಾಕರಿಸಬಹುದು.
* ಅರ್ಜಿಯನ್ನು ಓದಿಸಿಕೇಳದೆ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕಬೇಡಿ.
* ನಗದುರಹಿತ ಚಿಕಿತ್ಸೆ ಕೊಡುವ ಆಸ್ಪತ್ರೆಯು ನಿಮ್ಮ ತಾಲ್ಲೂಕಿನಲ್ಲಿ ಅಥವಾ ಜಿಲ್ಲಾ ಕೇಂದ್ರದಲ್ಲಿ ಇದೆಯೇ ಎಂದು ಕೇಳಿ.
* ಕಂತಿಗೆ ರಸೀದಿ ಪಡೆಯಿರಿ. ಪಾಲಿಸಿ ಕೈಸೇರಿದ 30 ದಿನಗಳೊಳಗೆ ಅದು ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಬಹುದು.
* ಹಣ ನಿರಾಕರಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಅಲ್ಲಿ ನ್ಯಾಯ ದೊರೆಯದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಅವರಿಗೆ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ದೂರವಾಣಿ ಸಂಖ್ಯೆ 155255.

ದಂಪತಿಗಳೇ, ಇಂದು ಸಂಜೆ ಇಬ್ಬರೂ ಕುಳಿತು ಮಾತನಾಡಿ. ಪಡಿತರ ಚೀಟಿ ಯಾವುದು? ಮನೆಯವರೆಲ್ಲರ ಹೆಸರೂ ಅದರಲ್ಲಿದೆಯೇ? ಹೊಸದಾಗಿ ಹುಟ್ಟಿದ ಮಗುವಿನ, ಮನೆಗೆ ಬಂದ ಸೊಸೆಯ ಹೆಸರು ಸೇರಿದೆಯೇ? ಸಂಘದ ಸದಸ್ಯತ್ವವಿದೆಯೇ? ತಿಳಿಯದಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಅಥವಾ ಆರೋಗ್ಯ ಕೇಂದ್ರದ ಸಿಬ್ಬಂದಿಯನ್ನು ಕೇಳಿ. ನಿಮಗೆ ಸಲ್ಲಬೇಕಾದುದನ್ನು ಮೊದಲು ಭದ್ರಪಡಿಸಿಕೊಳ್ಳಿ. ಅದಾದ ಮೇಲೂ ಕೊರತೆ ಕಂಡುಬಂದರೆ, ಶಕ್ತಿಯಿದ್ದರೆ, ಅಷ್ಟಕ್ಕೆ ಮಾತ್ರ ವಿಮೆ ಮಾಡಿಸಿ. ಎತ್ತು ಕೊಟ್ಟಿಗೆಯಲ್ಲಿಯೂ ಒಡವೆ ಮನೆಯಲ್ಲಿಯೂ ಉಳಿದು, ಕಾಯಿಲೆ ಬಿದ್ದವರು ಗುಣವಾಗಿ ಮನೆಗೆ ಮರಳುವಂತಾಗಲಿ.