ಗೋಡೆಯಿಲ್ಲದ ಶಾಲೆಯಲ್ಲಿ ಒಂದು ವರ್ಷ

ಉದ್ದನೆಯ ಒಂದು ಮರದ ಹಜಾರ. ಅದರೊಳಗೆ ಆರು ತರಗತಿ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಗೋಡೆಯಿಲ್ಲ, ಕಾಲು ಕೊಟ್ಟು ನಿಲ್ಲಿಸಿದ ಕರಿಹಲಗೆಗಳೇ ಗೋಡೆ. ಈಚೆ ಕಡೆಯಿಂದ ಏಳರ ಮಗ್ಗಿ, ಆಚೆ ಕಡೆಯಿಂದ ಪದ್ಯ, ಬೆನ್ನ ಹಿಂದಿನಿಂದ ಸ್ಪೆಲ್ಲಿಂಗ್. ಇವೆಲ್ಲದರ ಮಧ್ಯೆ ಹದಿನೆಂಟು ವರ್ಷದ ಹುಡುಗಿಯೊಬ್ಬಳು ಸೀಮೆಸುಣ್ಣ ಹಿಡಿದು ಗಂಟಲು ಹರಿದುಹೋಗುವಂತೆ ಪಾಠ ಹೇಳುತ್ತಿದ್ದಾಳೆ. ಎರಡನೇ ಸಾಲಿನ ಮಕ್ಕಳಿಗೇ ಅದು ಕೇಳಿಸುತ್ತಿಲ್ಲ.

ಪಕ್ಕದ ತರಗತಿಯ ಟೀಚರ್ ಕರಿಹಲಗೆಯ ಸಂದಿಯಿಂದ ಇಣುಕಿ ಮೆಲ್ಲಗೆ ಹೇಳಿದರಂತೆ: "ನೀನು ದನಿ ಏರಿಸಿದರೆ ನಾನೂ ಏರಿಸಬೇಕು, ನನ್ನ ಪಕ್ಕದವರೂ ಏರಿಸಬೇಕು. ತಗ್ಗಿಸಿ ನೋಡು, ಮಕ್ಕಳೇ ನಿನ್ನ ಹತ್ತಿರ ಬರುತ್ತಾರೆ."

ಆ ಹುಡುಗಿ ನನ್ನ ಅಕ್ಕನ ಮಗಳು. ಹುಟ್ಟಿ ಬೆಳೆದದ್ದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಎ-ಲೆವೆಲ್ ಮುಗಿಸಿ, ವಿಶ್ವವಿದ್ಯಾಲಯಕ್ಕೆ ಸೇರುವ ಮೊದಲು ಒಂದು ವರ್ಷ ಗಯಾನದ ಕರಾವಳಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಕೆಲಸ ಮಾಡಿ ಬಂದಳು. ಹೊರಟಾಗ ಅಕ್ಕ ಫೋನಿನಲ್ಲಿ ಅತ್ತಿದ್ದಳು. "ಅಲ್ಲಿ ನಮಗೆ ಯಾರು ಗೊತ್ತು ಹೇಳು?" ಎಂದಿದ್ದಳು. ಯಾರೂ ಗೊತ್ತಿರಲಿಲ್ಲ. ಆ ವರ್ಷವೆಲ್ಲ ಮಗಳು ಭಾನುವಾರಗಳಂದು ಕಳಿಸುತ್ತಿದ್ದ ಧ್ವನಿ ಸಂದೇಶಗಳನ್ನು ಕೇಳುತ್ತ, ಅವಳು ಕಂಡ ದೇಶದ ಬಗ್ಗೆ ಓದುತ್ತ ನನಗೆ ಮನದಟ್ಟಾದ ಸಂಗತಿ ಇದು: ಅಂಥ ಶಾಲೆಗೆ ಮುಖ್ಯವಾಗಿ ಬೇಕಿರುವುದು ಒಂದು ವರ್ಷ ಇದ್ದು ಹೋಗುವವರಲ್ಲ, ಇರುವವರು ಬಿಟ್ಟು ಹೋಗದಿರುವುದು. ಇದನ್ನು ತಿಳಿದು ಹೋದ ಎಳೆಯರು ಮಾತ್ರ ಅಲ್ಲಿ ಉಪಯೋಗಕ್ಕೆ ಬರುತ್ತಾರೆ.

ಸಮುದ್ರಕ್ಕಿಂತ ತಗ್ಗಿನ ನೆಲ

ನಮ್ಮಲ್ಲಿ ಗಯಾನ ಎಂದರೆ ಕ್ರಿಕೆಟ್ ನೆನಪಾಗುತ್ತದೆ. ರೋಹನ್ ಕನ್ಹಾಯ್, ಕ್ಲೈವ್ ಲಾಯ್ಡ್, ಆಲ್ವಿನ್ ಕಾಳಿಚರಣ್, ಶಿವನಾರಾಯಣ್ ಚಂದ್ರಪಾಲ್ ಎಲ್ಲರೂ ಅಲ್ಲಿಯವರೇ. ಭೂಪಟದಲ್ಲಿ ಅದು ದಕ್ಷಿಣ ಅಮೆರಿಕದ ಉತ್ತರದ ಅಂಚು. ಆದರೆ ಅಲ್ಲಿನವರ ಮಾತು, ಆಟ, ಮಕ್ಕಳು ಬರೆಯುವ ಪರೀಕ್ಷೆ ಎಲ್ಲವೂ ಕೆರಿಬಿಯನ್ ದ್ವೀಪಗಳ ಜೊತೆಗೇ. ಕೆರಿಬಿಯನ್ ದೇಶಗಳ ಒಕ್ಕೂಟವಾದ ಕ್ಯಾರಿಕಾಮ್‌ನ ಕೇಂದ್ರ ಕಚೇರಿ ಇರುವುದೂ ಗಯಾನದ ರಾಜಧಾನಿ ಜಾರ್ಜ್‌ಟೌನ್‌ನಲ್ಲಿ. ವಿಸ್ತೀರ್ಣ ಸುಮಾರು 2.15 ಲಕ್ಷ ಚದರ ಕಿಲೋಮೀಟರ್, ನಮ್ಮ ಕರ್ನಾಟಕಕ್ಕಿಂತ ತುಸು ದೊಡ್ಡದು. ಜನ ಮಾತ್ರ 8 ಲಕ್ಷದ ಆಸುಪಾಸು.

ಅವರಲ್ಲಿ ಬಹುಪಾಲು ಜನ ಸಮುದ್ರದಂಚಿನ ಕಿರಿದಾದ ಪಟ್ಟಿಯಲ್ಲಿ ಬದುಕುತ್ತಾರೆ. ಆ ನೆಲ ಉಬ್ಬರದ ಮಟ್ಟಕ್ಕಿಂತ ತಗ್ಗಿನಲ್ಲಿದೆ. ಹಾಗಾಗಿ ಸಮುದ್ರಕ್ಕೆ ಅಡ್ಡಲಾಗಿ ಗೋಡೆ, ಊರೂರಿಗೆ ಕಾಲುವೆ, ಕಾಲುವೆಯ ತುದಿಗೆ ತೂಬು. ತೂಬಿಗೆ ಅಲ್ಲಿನವರು 'ಕೋಕರ್' ಎನ್ನುತ್ತಾರೆ. ಇಳಿತದ ಹೊತ್ತಿಗೆ ಅದನ್ನು ಎತ್ತಿ ಮಳೆನೀರನ್ನು ಸಮುದ್ರಕ್ಕೆ ಬಿಡಬೇಕು, ಉಬ್ಬರ ಬರುವ ಮೊದಲು ಮುಚ್ಚಬೇಕು. ಜೋರು ಮಳೆಯೂ ಉಬ್ಬರವೂ ಒಟ್ಟಿಗೆ ಬಂದರೆ ಶಾಲೆಯ ಅಂಗಳ ಕೆರೆಯಾಗುತ್ತದೆ. 2005ರ ಜನವರಿಯಲ್ಲಿ ಕರಾವಳಿಯ ಬಹುಭಾಗ ಹೀಗೆಯೇ ಮುಳುಗಿತ್ತು. ಹಳೆಯ ಮನೆಗಳೂ ಶಾಲೆಗಳೂ ಕಂಬಗಳ ಮೇಲೆ ನಿಂತಿರುವುದು ಇದೇ ಕಾರಣಕ್ಕೆ.

ಈ ಏರಿ ಕಾಲುವೆಗಳ ಏರ್ಪಾಟನ್ನು ಮೊದಲು ಮಾಡಿದವರು ಡಚ್ಚರು. ಅಗೆದವರು, ಹೊತ್ತವರು ಆಫ್ರಿಕದಿಂದ ಎಳೆದು ತಂದ ಗುಲಾಮರು. ಅವರು ಸಲಿಕೆ ಹಿಡಿದು ಎತ್ತಿ ಹಾಕಿದ ಕೆಸರು ಸುಮಾರು 10 ಕೋಟಿ ಟನ್ ಎಂದು ಗಯಾನದ ಇತಿಹಾಸಕಾರ ವಾಲ್ಟರ್ ರಾಡ್ನಿ ಬರೆದಿದ್ದಾರೆ. ಅಕ್ಕನ ಮಗಳು ದಿನಾ ಬೆಳಗ್ಗೆ ಅಂಥದೊಂದು ಕಾಲುವೆಯ ಮೇಲಿನ ಹಲಗೆ ಸೇತುವೆ ದಾಟಿ ಶಾಲೆಗೆ ಹೋಗುತ್ತಿದ್ದಳು. "ಚಿಕ್ಕಮ್ಮ, ಮೊದಲು ಇದು ಬರೀ ಚರಂಡಿ ಅಂದ್ಕೊಂಡಿದ್ದೆ. ಈಗ ದಾಟುವಾಗ ಒಂದು ಥರಾ ಆಗುತ್ತೆ" ಎಂದು ಒಂದು ಭಾನುವಾರ ಹೇಳಿದಳು.

ಆಜಿ ಮತ್ತು ಅಜ್ಜಿ

ಗುಲಾಮಗಿರಿ ಕೊನೆಗೊಂಡ ಮೇಲೆ ಕಬ್ಬಿನ ತೋಟಗಳಿಗೆ ಆಳು ಬೇಕಾಯಿತು. 1838ರ ಮೇ 5ರಂದು 'ವಿಟ್ಬಿ' ಮತ್ತು 'ಹೆಸ್ಪರಸ್' ಎಂಬ ಎರಡು ಹಡಗುಗಳು ಭಾರತದ ಕೂಲಿಗಳನ್ನು ಅಲ್ಲಿ ಇಳಿಸಿದವು. 1917ರವರೆಗೆ ಹೀಗೆ ಕರಾರಿನ ಮೇಲೆ ಹೋದವರು ಸುಮಾರು 2.39 ಲಕ್ಷ. ಹೆಚ್ಚಿನವರು ಭೋಜ್‌ಪುರಿ ಸೀಮೆಯವರು, ಕಲ್ಕತ್ತದಿಂದ ಹಡಗು ಹತ್ತಿದವರು. ಮದ್ರಾಸಿನಿಂದ ಹೋದವರೂ ಉಂಟು. ಇಂದು ಆ ದೇಶದ ಜನರಲ್ಲಿ ನೂರಕ್ಕೆ ನಲವತ್ತರಷ್ಟು ಮಂದಿ ಈ ಮೂಲದವರು.

ಅವರ ಭಾಷೆ ಉಳಿಯಲಿಲ್ಲ, ಅಡುಗೆಮನೆಯ ಮತ್ತು ಬಳಗದ ಪದಗಳು ಉಳಿದವು. ತವಾ, ಬೇಲನಾ, ದಾಲ್ ಪುರಿ, ನಾನಾ, ನಾನಿ. ಅಂಗಳದ ಬಿದಿರು ಗಳುವಿನಲ್ಲಿ ಬಣ್ಣಬಣ್ಣದ ಝಂಡಿಗಳು ಹಾರುತ್ತವೆ. ಪೂಜೆ, ಮದುವೆಗಳಲ್ಲಿ ತಾವರೆಯ ಎಲೆಯ ಮೇಲೆ ಅನ್ನ ಬಡಿಸಿ ಸುತ್ತ ಏಳು ಬಗೆಯ ಪಲ್ಯ ಸಾರು ಹಾಕುತ್ತಾರೆ. ಅದರ ಹೆಸರೇ 'ಸೆವೆನ್ ಕರಿ'.

ಅಕ್ಕನ ಮಗಳ ತರಗತಿಯ ಪುಟ್ಟ ಹುಡುಗಿಯೊಬ್ಬಳು ಒಂದು ಸಂಜೆ ಶಾಲೆಯ ಗೇಟಿನಲ್ಲಿ ಮುದುಕಿಯೊಬ್ಬರ ಕೈ ಹಿಡಿದು ನಿಂತಿದ್ದಳು. "ಮಿಸ್, ಇದು ನನ್ನ ಆಜಿ" ಎಂದಳು. ಅಪ್ಪನ ತಾಯಿಗೆ ಅಲ್ಲಿ ಆಜಿ ಎನ್ನುತ್ತಾರೆ. ಮೈಸೂರಿನ ಅಜ್ಜಿಯನ್ನು ಎರಡು ವರ್ಷಕ್ಕೊಮ್ಮೆ ನೋಡಿ ಬೆಳೆದ ನಮ್ಮ ಹುಡುಗಿಗೆ ಅದು ಅಜ್ಜಿ ಎಂದೇ ಕೇಳಿಸಿತು. ಸುಮ್ಮನೆ ನಿಂತುಬಿಟ್ಟಳಂತೆ.

ಆ ಆಜಿಯ ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅದು ಅವರ ಮನೆಯವರ ತಪ್ಪೊಂದೇ ಅಲ್ಲ. ಬ್ರಿಟಿಷ್ ಗಯಾನದಲ್ಲಿ 1876ರಲ್ಲೇ ಕಡ್ಡಾಯ ಶಿಕ್ಷಣದ ಕಾಯಿದೆ ಬಂದಿತ್ತು. ಆದರೆ 1902ರಲ್ಲಿ ಗವರ್ನರ್ ಸ್ವೆಟನ್‌ಹ್ಯಾಮ್ ಹೊರಡಿಸಿದ ಸುತ್ತೋಲೆ, ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಲು ಒಲ್ಲದ ಭಾರತೀಯ ತಂದೆತಾಯಿಯರನ್ನು ಒತ್ತಾಯಿಸಬಾರದು ಎಂದಿತು. ಸಂಪ್ರದಾಯಕ್ಕೆ ಮರ್ಯಾದೆ ಎಂದು ಹೇಳಿಕೊಂಡರೂ ಅದರಿಂದ ತೋಟಗಳಿಗೆ ಎಳೆಯ ಕೈಗಳು ಸಿಕ್ಕವು. ಸುತ್ತೋಲೆ ರದ್ದಾದದ್ದು 1933ರಲ್ಲಿ. ಮೂವತ್ತೊಂದು ವರ್ಷ ಒಂದು ಕಾಗದ ಎಷ್ಟೋ ಹೆಣ್ಣುಮಕ್ಕಳ ಮುಂದೆ ಬಾಗಿಲಾಗಿ ನಿಂತಿತ್ತು. ಆ ಮನೆತನದ ಮರಿಮೊಮ್ಮಗಳು ಇಂದು ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು, ಜಡೆಗೆ ರಿಬ್ಬನ್ ಕಟ್ಟಿ, ಆರನೇ ತರಗತಿಯ ರಾಷ್ಟ್ರೀಯ ಪರೀಕ್ಷೆಯಲ್ಲಿ ಮೇಲೆ ಬಂದು ಜಾರ್ಜ್‌ಟೌನ್‌ನ ಕ್ವೀನ್ಸ್ ಕಾಲೇಜು ಸೇರುವ ಕನಸು ಕಾಣುತ್ತಾಳೆ. ಇದರ ಹಿಂದೆ ಅಲ್ಲಿನ ಟೀಚರ್‌ಗಳ ನಾಲ್ಕು ತಲೆಮಾರಿನ ದುಡಿಮೆಯಿದೆ.

ಮೂರು ಪುಸ್ತಕ

ಅಕ್ಕನ ಮಗಳಿಗೆ ವಹಿಸಿದ ಮುಖ್ಯ ಕೆಲಸ ಓದು ಹಿಂದುಳಿದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಓದಿಸುವುದು. ಮನೆಯಲ್ಲಿ ಆ ಮಕ್ಕಳು ಆಡುವುದು ಕ್ರಿಯೋಲೀಸ್. ಪದಗಳು ಬಹುತೇಕ ಇಂಗ್ಲಿಷಿನವೇ, ವ್ಯಾಕರಣ ಅದರದೇ. ಒಬ್ಬ ಹುಡುಗ ತನ್ನ ಚೀಲ ತೋರಿಸಿ 'ತ್ರೀ ಬುಕ್' ಎಂದ. ಇವಳು 'ತ್ರೀ ಬುಕ್ಸ್' ಎಂದು ತಿದ್ದಿದಳು. ಅವನು ಮತ್ತೆ 'ತ್ರೀ ಬುಕ್' ಎಂದ. ಹತ್ತು ಸಲ ತಿದ್ದಿದ ಮೇಲೆ ಹುಡುಗ ಬಾಯಿ ಮುಚ್ಚಿಕೊಂಡ. ಆ ವಾರವೆಲ್ಲ ಅವಳ ಮುಂದೆ ಬಾಯಿ ತೆರೆಯಲಿಲ್ಲ.

ಹಿರಿಯ ಟೀಚರ್ ಅವಳನ್ನು ಬೈಯಲಿಲ್ಲ. ಮೂರು ಎಂದ ಮೇಲೆ ಒಂದಕ್ಕಿಂತ ಹೆಚ್ಚು ಎಂದು ಅವನ ಮಾತಿಗೆ ಗೊತ್ತು, ಮತ್ತೆ ಇನ್ನೊಂದು ಗುರುತು ಯಾಕೆ ಬೇಕು ಎಂದು ಕೇಳಿದರು. ಅವನದು ತಪ್ಪು ಇಂಗ್ಲಿಷ್ ಅಲ್ಲ, ಅವನ ಮನೆಯ ಸರಿಯಾದ ಮಾತು, ಅದರ ಪಕ್ಕದಲ್ಲಿ ಶಾಲೆಯ ಮಾತನ್ನು ಇಡು ಎಂದರು. ಆ ರಾತ್ರಿ ಅವಳು ಅಮ್ಮನಿಗೆ ಫೋನ್ ಮಾಡಿ, ಕನ್ನಡದಲ್ಲಿ ಹೇಗೆ ಹೇಳುತ್ತೀಯ ಎಂದು ಕೇಳಿದಳು. "ಮೂರು ಪುಸ್ತಕ" ಎಂದಳು ಅಕ್ಕ. ಮೂರು ಪುಸ್ತಕ, ಎರಡು ಬಾಳೆಹಣ್ಣು, ನಾಲ್ಕು ಮನೆ. ನಾವೂ ದಿನವಿಡೀ ಹಾಗೇ ಆಡುತ್ತೇವೆ. ತನ್ನ ತಾಯಿಯ ಮಾತು ಆ ಹುಡುಗನ ಮಾತಿನ ಪಕ್ಕದಲ್ಲಿ ಕೂತಿದ್ದು ಅವಳಿಗೆ ಅಂದು ಕಂಡಿತು.

ಮರುದಿನ ಅವಳು ಹಾಳೆಯನ್ನು ಎರಡು ಭಾಗ ಮಾಡಿ ಗೆರೆ ಎಳೆದಳು. ಎಡಕ್ಕೆ 'ಮನೆಯಲ್ಲಿ', ಬಲಕ್ಕೆ 'ಪುಸ್ತಕದಲ್ಲಿ'. ಎಡಗಡೆಯದನ್ನು ಹುಡುಗ ಹೇಳಬೇಕು, ಇವಳು ಬರೆಯಬೇಕು. ಅವನಿಗೆ ಖುಷಿಯಾಯಿತು, ಏಕೆಂದರೆ ಎಡಗಡೆಗೆ ಅವನೇ ಮೇಷ್ಟ್ರು. ಹಳ್ಳಿಯ ಕನ್ನಡ ಆಡಿ ನಗೆಗೀಡಾದ ಮಕ್ಕಳನ್ನು, ಇಂಗ್ಲಿಷ್ ಬಾರದೆ ಮೂಗರಾದ ಮಕ್ಕಳನ್ನು ನಾವೆಷ್ಟು ನೋಡಿಲ್ಲ? ಈ ಎರಡು ಕಾಲಮ್ಮಿನ ಹಾಳೆ ನಮ್ಮ ಶಾಲೆಗಳಿಗೂ ಬೇಕು.

ಬರುವವರು, ಹೋಗುವವರು

ಹೀಗೆ ಎಳೆಯರನ್ನು ಹೊರದೇಶದ ಕೆಲಸಕ್ಕೆ ಕಳಿಸುವ ಪದ್ಧತಿಗೆ ಬ್ರಿಟನ್ನಿನಲ್ಲಿ ದೊಡ್ಡ ಚಾಲನೆ ಕೊಟ್ಟವರು ಅಲೆಕ್ ಡಿಕ್ಸನ್. 1958ರಲ್ಲಿ ಅವರು ಶುರುಮಾಡಿದ ವಿಎಸ್‌ಒ ಸಂಸ್ಥೆ ಮೊದಮೊದಲು ಕಳಿಸಿದ್ದು ಶಾಲೆ ಮುಗಿಸಿದ ಹದಿನೆಂಟರ ಹುಡುಗರನ್ನೇ. 1961ರಲ್ಲಿ ಅಮೆರಿಕದ ಪೀಸ್ ಕೋರ್ ಹುಟ್ಟಿತು. ಅದರ ಮೊದಲ ತಂಡಗಳು ಹೋದ ನಾಡುಗಳಲ್ಲಿ ಕೆರಿಬಿಯನ್ನಿನ ಸೇಂಟ್ ಲೂಸಿಯ ಒಂದು.

ಆದರೆ ಅದಕ್ಕೂ ಮೊದಲೇ ಎದುರು ದಿಕ್ಕಿನಲ್ಲಿ ಟೀಚರ್‌ಗಳು ಹೋಗಿದ್ದರು. ಜಾರ್ಜ್‌ಟೌನ್‌ನಲ್ಲಿ 1912ರಲ್ಲಿ ಹುಟ್ಟಿದ ಇ.ಆರ್. ಬ್ರೇತ್‌ವೇಟ್ ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಗೆ ದುಡಿದವರು, ಕೇಂಬ್ರಿಡ್ಜ್‌ನಲ್ಲಿ ಓದಿದವರು. ಯುದ್ಧ ಮುಗಿದ ಮೇಲೆ ಮೈಬಣ್ಣದ ಕಾರಣಕ್ಕೆ ಎಂಜಿನಿಯರ್ ಕೆಲಸ ಸಿಗದೆ, ಲಂಡನ್ನಿನ ಈಸ್ಟ್ ಎಂಡ್‌ನ ಬಡ ಬಿಳಿಯ ಮಕ್ಕಳ ಶಾಲೆಯಲ್ಲಿ ಮೇಷ್ಟ್ರಾದರು. ಆ ಅನುಭವವೇ 1959ರಲ್ಲಿ 'ಟು ಸರ್, ವಿತ್ ಲವ್' ಪುಸ್ತಕವಾಯಿತು, 1967ರಲ್ಲಿ ಸಿಡ್ನಿ ಪಾಟಿಯೇ ನಟಿಸಿದ ಸಿನಿಮಾ ಆಯಿತು. ಗಯಾನದಲ್ಲೇ ಟೀಚರ್ ತರಬೇತಿ ಪಡೆದಿದ್ದ ಬೆರಿಲ್ ಗಿಲ್‌ರಾಯ್ 1950ರ ದಶಕದ ಮೊದಲಲ್ಲಿ ಲಂಡನ್ನಿಗೆ ಹೋದರು. ಮೊದಲಿಗೆ ಯಾರೂ ಶಾಲೆಯಲ್ಲಿ ಕೆಲಸ ಕೊಡಲಿಲ್ಲ. ಕೊನೆಗೆ 1969ರಲ್ಲಿ ಅದೇ ನಗರದಲ್ಲಿ ಮುಖ್ಯೋಪಾಧ್ಯಾಯಿನಿಯಾದರು. ಲಂಡನ್ನಿನ ಮೊದಲ ಕಪ್ಪು ಮುಖ್ಯೋಪಾಧ್ಯಾಯಿನಿಯರಲ್ಲಿ ಅವರೊಬ್ಬರು.

ಈ ಹರಿವು ನಿಂತಿಲ್ಲ. ಹೆಚ್ಚು ಸಂಬಳ ಕೊಡುವ ದೇಶಗಳಿಗೆ ತರಬೇತಾದ ಟೀಚರ್‌ಗಳು ಹೋಗುತ್ತಲೇ ಇದ್ದಾರೆ. ಕೆರಿಬಿಯನ್ ದೇಶಗಳು ಇದರಿಂದ ಕಂಗೆಟ್ಟು ದನಿ ಎತ್ತಿದ ಮೇಲೆ, 2004ರಲ್ಲಿ ಕಾಮನ್‌ವೆಲ್ತ್ ದೇಶಗಳು ಟೀಚರ್ ನೇಮಕಾತಿಗೆ ಒಂದು ನೀತಿಸಂಹಿತೆ ಒಪ್ಪಿಕೊಂಡವು. ಸಣ್ಣ ದೇಶಗಳ ಶಾಲೆಗಳು ಬರಿದಾಗಬಾರದು, ಹೋಗುವ ಟೀಚರ್‌ಗಳ ಹಕ್ಕಿಗೂ ಕುಂದು ಬರಬಾರದು ಎಂಬುದು ಅದರ ಆಶಯ. ಕಾನೂನಿನ ಬಲ ಅದಕ್ಕಿಲ್ಲ.

ಇದು ಕಾಗದದ ಮಾತಲ್ಲ ಎಂದು ನಮ್ಮ ಹುಡುಗಿಗೆ ಫೆಬ್ರವರಿಯಲ್ಲಿ ಗೊತ್ತಾಯಿತು. ದನಿ ತಗ್ಗಿಸಲು ಹೇಳಿಕೊಟ್ಟಿದ್ದ ಟೀಚರ್‌ಗೆ ಹೊರದೇಶದಲ್ಲಿ ಕೆಲಸ ಸಿಕ್ಕಿತು. ಮನೆಯಲ್ಲಿ ಕಾಯಿಲೆಯ ತಾಯಿ, ಓದುವ ಇಬ್ಬರು ಮಕ್ಕಳು. ಹೋಗಬೇಡಿ ಎನ್ನಲು ಯಾರಿಗೆ ಬಾಯಿ ಬಂದೀತು? ಅವರ ಜಾಗಕ್ಕೆ ಬೇರೆಯವರು ಬರುವವರೆಗೆ ಮೂವತ್ತು ಮಕ್ಕಳ ತರಗತಿಯನ್ನು ಇವಳೇ ನೋಡಿಕೊಳ್ಳಬೇಕಾಯಿತು.

ಐದು ವಾರ. ಅವಳಿಗೆ ಆಗಲಿಲ್ಲ. ಭಿನ್ನರಾಶಿ ತನಗೆ ಬರುತ್ತದೆ, ಆದರೆ ಬಾರದ ಮಗುವಿಗೆ ಅದು ಎಲ್ಲಿ ತೊಡಕಾಗುತ್ತದೆ ಎಂದು ಗೊತ್ತಿಲ್ಲ. ಮುಂದಿನ ಸಾಲಿನವರು ಮುಂದೆ ಹೋದರು, ಹಿಂದಿನವರು ಇನ್ನೂ ಹಿಂದೆ ಬಿದ್ದರು. "ಚಿಕ್ಕಮ್ಮ, ನನ್ನ ಕೈಲಿ ಆ ಮಕ್ಕಳ ಐದು ವಾರ ಹಾಳಾಯ್ತು. ಅವರ ಮುಖ ನೋಡೋಕಾಗಲ್ಲ" ಎಂದು ಆ ಭಾನುವಾರ ಬಿಕ್ಕಿದಳು. ನಿವೃತ್ತರಾಗಿದ್ದ ಒಬ್ಬ ಟೀಚರ್ ಕೊನೆಗೆ ಮನೆಯಿಂದ ಎದ್ದು ಬಂದರು. ಮೊದಲ ದಿನವೇ ಬಾಟಲಿಯ ಮುಚ್ಚಳಗಳನ್ನು ಮೇಜಿನ ಮೇಲೆ ಸುರಿದು, ಮಕ್ಕಳಿಂದಲೇ ಪಾಲು ಮಾಡಿಸಿ, ಅರ್ಧ, ಕಾಲು ಭಾಗಗಳನ್ನು ಮುಟ್ಟಿ ತೋರಿಸಿದರು. ಇವಳು ಮತ್ತೆ ಹಿಂದಿನ ಬೆಂಚಿಗೆ, ತನ್ನ ಎರಡು ಕಾಲಮ್ಮಿನ ಹಾಳೆಗೆ ಮರಳಿದಳು. ಅಲ್ಲಿ ಅವಳಿಂದ ಉಪಯೋಗವಿತ್ತು. ಜುಲೈ ಹೊತ್ತಿಗೆ 'ತ್ರೀ ಬುಕ್' ಹುಡುಗ ಇಡೀ ಕತೆಯೊಂದನ್ನು ತಡವರಿಸದೆ ಓದಿದ.

ಹೋಗುವವರಿಗೆ ನಾಲ್ಕು ಮಾತು

ನಮ್ಮ ಮಕ್ಕಳೂ ಈಗ ಹೀಗೆ ಹೊರಡುತ್ತಿದ್ದಾರೆ, ಕೆಲವರು ಹೊರದೇಶಕ್ಕೆ, ಕೆಲವರು ನಮ್ಮದೇ ದೂರದ ಹಳ್ಳಿಗಳಿಗೆ. ಹೊರಡುವುದು ಒಳ್ಳೆಯದು ಎಂದೇ ನಾನು ನಂಬುತ್ತೇನೆ. ಆದರೆ ಕಳಿಸುವ ಸಂಸ್ಥೆಯನ್ನು ಮೊದಲು ಕೇಳಬೇಕು: ಅಲ್ಲಿನ ಟೀಚರ್ ಕೈಕೆಳಗೆ ಕೆಲಸ ಮಾಡಿಸುತ್ತೀರಾ, ಅಥವಾ ಅವರ ಜಾಗಕ್ಕೇ ನಿಲ್ಲಿಸುತ್ತೀರಾ? ಎರಡನೆಯದಾದರೆ ಬೇಡ ಎನ್ನಬೇಕು. ಹೋದ ಮೇಲೆ ಮೊದಲ ತಿಂಗಳು ಕಲಿಸದೆ ಕೇಳಿಸಿಕೊಳ್ಳಬೇಕು. ಮಕ್ಕಳ ಮನೆಮಾತಿನ ನೂರು ಪದವಾದರೂ ಕಲಿಯಬೇಕು. ಬಂದ ಮೇಲೆ ಆ ಮಕ್ಕಳ ಫೋಟೊ ಹಂಚುವುದಕ್ಕಿಂತ ಆ ಟೀಚರ್‌ಗಳ ಸಂಬಳದ ಬಗ್ಗೆ ಮಾತಾಡಬೇಕು. ಸಮುದ್ರದಡಿ ತೈಲ ಸಿಕ್ಕು, 2019ರ ಕೊನೆಯಿಂದ ಅದನ್ನು ಎತ್ತುತ್ತಿರುವ ಗಯಾನ ಈಗ ಹಣವಿಲ್ಲದ ದೇಶವಲ್ಲ. ಆ ಹಣ ಕರಿಹಲಗೆಯ ಮುಂದೆ ನಿಂತವರನ್ನು ತಲುಪಿದರೆ ಹೋಗುವವರು ಕಡಿಮೆಯಾದಾರು.

ಈ ಡಿಸೆಂಬರಿನಲ್ಲಿ ಅವಳು ಮೈಸೂರಿಗೆ ಬಂದಿದ್ದಳು. ಮನೆ ತುಂಬ ನೆಂಟರು, ಟಿವಿ, ಕುಕ್ಕರ್ ಸೀಟಿ, ಜಗಲಿಯಲ್ಲಿ ಕಿತ್ತಾಡುವ ಆರೇಳು ಮಕ್ಕಳು. ಸುಮ್ಮನಿರಿ ಎಂದು ನಾವೆಲ್ಲ ಕೂಗುತ್ತಿದ್ದೆವು. ಅವಳು ಹೋಗಿ ಮಕ್ಕಳ ನಡುವೆ ಕೂತು, ತನ್ನ ಮುರುಕು ಕನ್ನಡದಲ್ಲಿ, ತೀರಾ ತಗ್ಗಿದ ದನಿಯಲ್ಲಿ, ಸಮುದ್ರಕ್ಕಿಂತ ಕೆಳಗಿರುವ ಒಂದು ಊರಿನ ಕತೆ ಶುರುಮಾಡಿದಳು. ಒಬ್ಬ ಹತ್ತಿರ ಸರಿದ. ಇನ್ನೊಬ್ಬಳು ಸರಿದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿದ್ದ ನನಗೂ ಕತೆ ಕೇಳಬೇಕೆನಿಸಿ, ಒಲೆ ಆರಿಸಿ ಜಗಲಿಗೆ ಬಂದೆ.